ಹೊಳೆಯಿಂದ ದೂರ ಇರುವ ತೋಟ

ಬೇರೆಯವರು ರಜೆಗೆ ಹೊರಡುವ ಮುಂಚೆ ಅಲ್ಲಿ ಏನೇನು ನೋಡಬಹುದು ಎಂದು ಹುಡುಕುತ್ತಾರೆ. ನಾನು ಹುಡುಕಿದ್ದು ಗೇಟುಗಳನ್ನು. ಗೇಟಿಗೆ ಚಿಲಕ ಇದೆಯೇ, ಬಾವಿಗೆ ಮುಚ್ಚಳ ಇದೆಯೇ, ಬೇಲಿಯಲ್ಲಿ ಮನುಷ್ಯ ನುಸುಳುವಷ್ಟು ಸಂದು ಇದೆಯೇ, ಹೊಳೆ ಎಷ್ಟು ದೂರ. ಫಾರ್ಮ್‌ಸ್ಟೇ ಎಂದು ಫೋನಿನಲ್ಲಿ ಹೊಡೆದರೆ ಉಯ್ಯಾಲೆ, ಕರು, ಎತ್ತಿನ ಗಾಡಿ, ಪಂಪ್‌ಸೆಟ್ಟಿನ ನೀರಿಗೆ ತಲೆ ಕೊಟ್ಟು ನಗುವ ಹುಡುಗಿಯರು ಸಾಲಾಗಿ ಬರುತ್ತಾರೆ. ಕಾಂಪೌಂಡಿನ ಫೋಟೋ ಮಾತ್ರ ಯಾವ ಪುಣ್ಯಾತ್ಮನೂ ಹಾಕಿರುವುದಿಲ್ಲ. ಒಬ್ಬೊಬ್ಬರಿಗೂ ಫೋನು ಮಾಡಿ ಗೇಟು, ಬೇಲಿ ಅಂತ ವಿಚಾರಿಸಿದೆ. ಕಳ್ಳರ ಪೈಕಿ ಯಾರೋ ಇರಬೇಕು ಅಂದುಕೊಂಡರೋ ಏನೋ, ಇಬ್ಬರು ಮಾತಿನ ನಡುವೆಯೇ ಇಟ್ಟುಬಿಟ್ಟರು.

ಇಷ್ಟೆಲ್ಲ ನಮ್ಮ ಮಾವನಿಗಾಗಿ. ಅವರಿಗೆ ಮರೆವಿನ ಕಾಯಿಲೆ. ಮರೆತು ಮೂಲೆಯಲ್ಲಿ ಕೂತರೆ ಹೇಗೋ ಸಂಭಾಳಿಸಬಹುದಿತ್ತು; ಇವರು ಮರೆತು ಹೊರಡುತ್ತಿದ್ದರು. ಹೆಗಲ ಮೇಲೆ ಟವೆಲು ಹಾಕಿಕೊಂಡು, ಯಾರೋ ಕಾಯುತ್ತಿದ್ದಾರೆ ಎಂಬಂತೆ ದಾಪುಗಾಲು ಹಾಕಿ ನಡೆದುಬಿಡುತ್ತಿದ್ದರು. ವಿಶಾಖಪಟ್ಟಣದ ಮಧುರವಾಡದ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಒಮ್ಮೆ ಅವರನ್ನು ಹೈವೇ ಪಕ್ಕದಿಂದ ಕರೆತಂದಿದ್ದ. ಇನ್ನೊಮ್ಮೆ ಋಷಿಕೊಂಡದ ಸಮುದ್ರದಲ್ಲಿ ಸೊಂಟದವರೆಗೆ ಇಳಿದು ನಿಂತಿದ್ದವರನ್ನು ಬಲೆ ಎಳೆಯುವವರು ಹಿಡಿದು ದಡಕ್ಕೆ ತಂದರು. ಬಂದರಿನಲ್ಲಿ ಕ್ರೇನು ಓಡಿಸಿ ಮುದುಕರಾದ ಮನುಷ್ಯ, ತೋಳು ಇನ್ನೂ ಕಬ್ಬಿಣ. ಬಾಗಿಲಲ್ಲಿ ಅಡ್ಡ ನಿಂತ ನನ್ನನ್ನು ಅವರು ಒಂದು ದಿನ ಸುಮ್ಮನೆ ಪಕ್ಕಕ್ಕೆ ಸರಿಸಿದ್ದಕ್ಕೇ ನನ್ನ ಮಣಿಕಟ್ಟು ಉಳುಕಿ, ವಾರಗಟ್ಟಲೆ ಎಡಗೈಯಲ್ಲಿ ಸೌಟು ಹಿಡಿದಿದ್ದೆ.

ನಮ್ಮ ಅತ್ತೆ ನನಗೆ ಮದುವೆಯಿಂದ ಮಾತ್ರ ಅತ್ತೆಯಲ್ಲ, ಅಪ್ಪನ ಸ್ವಂತ ತಂಗಿ. ದಾವಣಗೆರೆಯ ಹತ್ತಿ ಮಿಲ್ಲಿಗೆ ಮೆಷಿನ್ ಕೂಡಿಸಲು ಬಂದಿದ್ದ ತೆಲುಗು ಹುಡುಗನನ್ನು ಮದುವೆಯಾಗಿ ವಿಶಾಖಪಟ್ಟಣಕ್ಕೆ ಬಂದವರು. ಆಮೇಲೆ ಮಗನಿಗೆ ತವರಿನಿಂದ ನನ್ನನ್ನು ತಂದುಕೊಂಡರು. ಮನೆಯಲ್ಲಿ ನಾವಿಬ್ಬರೂ ಕನ್ನಡ. ನನ್ನ ಗಂಡ ಅರ್ಧ ತೆಲುಗು, ಅರ್ಧ ಆಫೀಸಿನ ಇಂಗ್ಲಿಷು. ಮಾವ ಹೆಂಡತಿಯಿಂದ ಕಲಿತ ಕನ್ನಡಕ್ಕೆ ತೆಲುಗಿನ ಒಗ್ಗರಣೆ ಹಾಕಿ ಮಾತಾಡುತ್ತಿದ್ದರು, ನನ್ನನ್ನು ‘ಅಮ್ಮಾಯಿ’ ಎಂದು ಕರೆಯುತ್ತಿದ್ದರು, ಹುಡುಗಿ ಅಂತ. ಎಲ್ಲರ ಹೆಸರೂ ಹೋದಮೇಲೂ ಆ ಅಮ್ಮಾಯಿ ಉಳಿದಿತ್ತು. ನನಗೆ ಅದರ ಬಗ್ಗೆ ಒಳಗೊಳಗೇ ಜಂಬ ಕೂಡ ಇತ್ತು.

ಹೊರಡುವಾಗ ಅವರು ಹೇಳುತ್ತಿದ್ದದ್ದು ಒಂದೇ ಮಾತು. ತಮ್ಮುಡು ರೇವಿನ ಹತ್ತಿರ ನಿಂತಿದ್ದಾನೆ, ಕರಕೊಂಡು ಬರಬೇಕು. ಹೊತ್ತಾಯಿತು.

ತಮ್ಮ ಎಂಬುವನೊಬ್ಬ ಇದ್ದನೆಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಅತ್ತೆಯನ್ನು ಕೇಳಿದರೆ ಬಿಡ್ತು ಅನ್ನು, ಬಿಡ್ತು ಅನ್ನು ಎಂದು ನನ್ನ ಬಾಯಿ ಮುಚ್ಚಿಸಿದರು. ಆಮೇಲೆ ಅಕ್ಕಿ ಆರಿಸುತ್ತ ಅವರೇ ಹೇಳಿದರು. ಮಾವ ಹುಟ್ಟಿದ್ದು ವಿಜಯವಾಡದ ಕೆಳಗೆ, ಕೃಷ್ಣೆಯ ದಂಡೆಯ ಒಂದು ಹಳ್ಳಿಯಲ್ಲಿ. ಹೊಳೆಯ ನಡುವೆ ಎದ್ದ ಮಣ್ಣಿನ ದಿಬ್ಬಗಳಿಗೆ ಅಲ್ಲಿ ಲಂಕ ಅನ್ನುತ್ತಾರೆ. ಬಾಳೆ, ಅರಿಶಿನ, ಕಲ್ಲಂಗಡಿ ಎಲ್ಲ ಅಲ್ಲಿಯೇ ಬೆಳೆಯುತ್ತಾರೆ. ಮರಳ ಮೇಲೆ ನಡೆದು ಅಲ್ಲಿಗೆ ದಾಟುವ ಜಾಗಕ್ಕೇ ರೇವು ಅನ್ನುವುದು. ಎಮ್ಮೆ ಮೇಯಿಸಲು ಲಂಕಕ್ಕೆ ಹೋಗಿದ್ದ ತಮ್ಮನನ್ನು ಹೊಳೆ ತೆಗೆದುಕೊಂಡುಹೋಯಿತು. ಮಾವ ಆಗ ಇನ್ನೂ ಚಡ್ಡಿ ಹಾಕುವ ಹುಡುಗ. ಇಷ್ಟೇ ಅತ್ತೆಗೆ ಗೊತ್ತಿದ್ದದ್ದು. ಅದನ್ನೂ ಅವರಿಗೆ ಹೇಳಿದ್ದು ಗಂಡನಲ್ಲ, ಗಂಡನ ಕಡೆಯ ಯಾರೋ ಮುದುಕಿ. ಮಾವ ಒಂದು ದಿನವೂ ಅದರ ಸುದ್ದಿ ಎತ್ತಿದವರಲ್ಲ.

ಡಾಕ್ಟರು ಮಾತ್ರ ಬೇರೆ ಹೇಳಿದರು. ಹಳೆಯ ಜಾಗ ನೋಡಿದರೆ ಕೆಲವರಿಗೆ ಸಮಾಧಾನವಾಗುತ್ತದೆ, ಹುಡುಕಾಟ ಕಡಿಮೆಯಾಗಬಹುದು, ಜೊತೆಗೆ ನಿಮಗೂ ಒಂದು ಬದಲಾವಣೆ ಬೇಕಲ್ಲವೇ ಎಂದರು. ನನಗೆ ಆ ಕೊನೆಯ ಮಾತು ಕೇಳಿಯೇ ಕಣ್ಣಲ್ಲಿ ನೀರು ಬಂತು. ಅಷ್ಟು ದಿನ ಬಾಗಿಲಿಗೆ ಅಡ್ಡ ಚಾಪೆ ಹಾಸಿ ಮಲಗಿ ಮಲಗಿ ನನ್ನ ತಲೆ ಕೆಟ್ಟು ಮೊಸರಾಗಿತ್ತು. ಅತ್ತೆ ಆ ಊರೊಂದು ಬೇಡ ಕಣೇ ಎಂದರು. ಊರಿಗಲ್ಲ, ಊರಿನ ಹತ್ತಿರದ ತೋಟಕ್ಕೆ, ಹೊಳೆಯಿಂದ ದೂರ ಇರುವ ತೋಟಕ್ಕೆ, ಎಂದು ನಾನು ವಕೀಲಳ ಹಾಗೆ ವಾದಿಸಿದೆ. ಅವರು ಸಿಂಹಾಚಲದ ಸ್ವಾಮಿಗೆ ಹಳದಿ ಬಟ್ಟೆಯಲ್ಲಿ ಮುಡಿಪು ಕಟ್ಟಿಟ್ಟು ಸುಮ್ಮನಾದರು.

ಕೊನೆಗೆ ಸಿಕ್ಕಿತು. ಫೋನೆತ್ತಿದ ಯಜಮಾನಿ ನಾನು ಕೇಳಿದ್ದಕ್ಕೆಲ್ಲ ಬೇಸರವಿಲ್ಲದೆ ಉತ್ತರ ಕೊಟ್ಟಳು. ಕಬ್ಬಿಣದ ಗೇಟು, ಎದೆಮಟ್ಟದ ಗೋಡೆ, ಬಾವಿ ಇಲ್ಲ, ಬೋರ್‌ವೆಲ್ಲು. ಹೊಳೆಯೇ? ಬಾಳೆತೋಟ ಮುಗಿದ ಮೇಲೆ ಮರಳು, ಮರಳು ದಾಟಿದರೆ ಇನ್ನೂ ಮರಳು, ಆಮೇಲೆ ಎಲ್ಲೋ ಹೊಳೆ, ಎಂದು ನಕ್ಕಳು. ಫೋಟೋ ಕಳಿಸಿದಳು. ಬಿಳಿ ಮರಳಿನ ಬಯಲು, ಕಣ್ಣು ಚುಚ್ಚುವಂಥ ಬಿಸಿಲು, ದೂರದಲ್ಲಿ ದಾರದಷ್ಟು ನೀರು. ನಾನು ಆ ಫೋಟೋವನ್ನು ಅತ್ತೆಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು, ಹೊಳೆ ಇಷ್ಟು ಸಣ್ಣಗಾಗಿದೆಯಾ ಎಂದರು. ಅಷ್ಟರಲ್ಲಿ ನಾನು ರೈಲಿಗೆ ಟಿಕೆಟ್ಟು ಮಾಡಿಸಿ ಆಗಿತ್ತು.

ಹೊರಡುವ ದಿನ ಲಿಫ್ಟಿನ ಬಳಿ ಎದುರು ಮನೆಯ ಹುಡುಗಿ ಸಿಕ್ಕಳು. ಹಾಸನದ ಕಡೆಯವಳು, ಗುಡ್ಡದ ಮೇಲಿನ ಐಟಿ ಆಫೀಸಿನಲ್ಲಿ ಕೆಲಸ. ಪಾಪ, ಚೀಲ ನೋಡಿ ಪ್ರೀತಿಯಿಂದಲೇ, ಎಲ್ಲಿಗೆ ಆಂಟಿ ಹೊರಟ್ರಿ ಎಂದುಬಿಟ್ಟಳು. ಅತ್ತೆಯ ಮುಖ ಕಪ್ಪಿಟ್ಟಿತು. ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಕೇಳಲೇಬೇಕೆಂದರೆ ದೂರ ಹೊರಟ್ರಾ ಎನ್ನಬೇಕು. ಇದು ನಮ್ಮ ದಾವಣಗೆರೆಯಲ್ಲೂ ಇದೆ, ಇವರ ಕೃಷ್ಣಾ ದಂಡೆಯಲ್ಲೂ ಇದೆ. ಯಾರಾದರೂ ಬಾಯಿ ತಪ್ಪಿ ಕೇಳಿದರೆ ಪರಿಹಾರವೂ ಎರಡೂ ಕಡೆ ಒಂದೇ, ತಿರುಗಿ ಮನೆಗೆ ಬಂದು, ಕೂತು, ನೀರು ಕುಡಿದು ಮತ್ತೆ ಹೊರಡುವುದು. ಕ್ಯಾಬಿನವನು ಕೆಳಗೆ ಹಾರ್ನ್ ಬಾರಿಸುತ್ತಿದ್ದ. ನನ್ನ ಗಂಡ ಇದೇನು ಗೋಳು ಎಂದು ಗೊಣಗಿದರು. ಆದರೆ ಎಲ್ಲರಿಗಿಂತ ಮೊದಲು ತಿರುಗಿ ಒಳಗೆ ನಡೆದು ಕುರ್ಚಿಯಲ್ಲಿ ಕೂತದ್ದು ಮಾವ. ನೀರಿಗೆ ಕೈ ಚಾಚಿದ್ದೂ ಅವರೇ. ಮಗನ ಹೆಸರು ಮರೆತವರಿಗೆ ಅದು ಮಾತ್ರ ಮರೆತಿರಲಿಲ್ಲ. ನಾನು ಅದನ್ನು ನೋಡಿ ಮನಸ್ಸಿನಲ್ಲಿ ಇಟ್ಟುಕೊಂಡೆ.

ವಿಜಯವಾಡದಲ್ಲಿ ಇಳಿದಾಗ ಪ್ಲಾಟ್‌ಫಾರ್ಮಿನ ಸೆಕೆ ಮುಖಕ್ಕೆ ಬಡಿಯಿತು. ಬಾಡಿಗೆ ಕಾರು ಹೊಳೆಯ ಕಟ್ಟೆಯ ಮೇಲಿನ ರಸ್ತೆ ಹಿಡಿದು ಹೋಗುವಾಗ ಮಾವ ಕಿಟಕಿಗೆ ಮುಖ ಒತ್ತಿಕೊಂಡು ಕೂತಿದ್ದರು. ತೋಟ ಫೋಟೋದಲ್ಲಿ ಇದ್ದ ಹಾಗೇ ಇತ್ತು, ಮೋಸವಿಲ್ಲ. ಮೊದಲ ದಿನ ಅವರು ಹೊಸ ಮನುಷ್ಯರಾದರು. ಅರಿಶಿನದ ಎಲೆ ಹಿಸುಕಿ ಮೂಸಿದರು, ಇದಕ್ಕೆ ನೀರು ಜಾಸ್ತಿಯಾಗಿದೆ ಎಂದು ಯಜಮಾನಿಯನ್ನು ಗದರಿದರು, ಸೀಬೆಹಣ್ಣು ಕಿತ್ತು ಅತ್ತೆಯ ಸೆರಗಿಗೆ ಹಾಕಿದರು. ಗೋಂಗೂರ ಪಚಡಿ ಹಾಕಿಸಿಕೊಂಡು ಎರಡು ಸಲ ಅನ್ನ ಕೇಳಿದರು. ತಮ್ಮನ ಸುದ್ದಿ ಇಲ್ಲ, ಟವೆಲು ಹೆಗಲೇರಲಿಲ್ಲ. ನನ್ನ ಗಂಡ, ನಿನ್ನ ಪ್ಲಾನು ಸೂಪರ್ ಕಣೇ ಎಂದರು. ನನಗೂ ಹಾಗೇ ಅನಿಸಿತು. ಆದರೂ ಸಂಜೆ ಬಾಳೆತೋಟದ ತುದಿಗೆ ಹೋಗಿ ನೋಡಿ ಬಂದೆ. ಮರಳಿತ್ತು, ಆಚೆ ದಾರದಷ್ಟು ನೀರಿತ್ತು. ಅದು ಫೋಟೋದಲ್ಲಿದ್ದಷ್ಟು ತೆಳ್ಳಗಿಲ್ಲವಲ್ಲ ಎಂದೊಂದು ಹುಳ ತಲೆಯೊಳಗೆ ಹೊಕ್ಕಿತು. ಕೊಡವಿಕೊಂಡೆ.

ಮಾರನೆಯ ಬೆಳಿಗ್ಗೆ ಆಕಾಶದಲ್ಲಿ ಒಂದು ಮೋಡವಿಲ್ಲ. ನನ್ನ ಗಂಡ ಆಫೀಸಿನ ಮೀಟಿಂಗು, ಇಲ್ಲಿ ನೆಟ್‌ವರ್ಕ್ ಇಲ್ಲ ಎಂದು ಕಾರು ತೆಗೆದುಕೊಂಡು ವಿಜಯವಾಡಕ್ಕೆ ಹೋದರು. ಅವರು ಹೋದ ಸ್ವಲ್ಪ ಹೊತ್ತಿಗೆ ಕಟ್ಟೆಯ ಮೇಲೆ ಮೈಕು ಕಟ್ಟಿದ ಆಟೋ ಬಂತು. ಮೇಲಿನಿಂದ ನೀರು ಬರುತ್ತಿದೆ, ಬ್ಯಾರೇಜಿನ ಗೇಟು ಎತ್ತಿದ್ದಾರೆ, ಲಂಕದಲ್ಲಿ ಯಾರೂ ಇರಬೇಡಿ. ಇಲ್ಲಿ ಮಳೆಯೇ ಇಲ್ಲವಲ್ಲ ಎಂದು ನಾನು ಪೆದ್ದುಪೆದ್ದಾಗಿ ಕೇಳಿದೆ. ಮಳೆ ನಿಮ್ಮ ಕಡೆ ಆಗಿದೆಯಂತೆ ಎಂದಳು ಯಜಮಾನಿ. ತುಂಗಭದ್ರೆ ಹರಿಹರ ದಾಟಿ ಬಂದು ಇದೇ ಹೊಳೆಗೆ ಸೇರುವುದಲ್ಲವೇ. ಅತ್ತೆ, ನಮ್ಮೂರ ನೀರೇ ಬಂತೇನೇ ಎಂದರು. ಆ ದನಿ ನನಗೆ ಹಿಡಿಸಲಿಲ್ಲ.

ಈ ತೋಟಕ್ಕೆ ನೀರು ಬರುವುದಿಲ್ಲ, ಯಾವತ್ತೂ ಬಂದಿಲ್ಲ, ಎಂದು ಯಜಮಾನಿ ಧೈರ್ಯ ಹೇಳಿದಳು. ಅದು ನಿಜವೇ ಆಗಿತ್ತು. ಆದರೆ ನಾನು ನೆಚ್ಚಿಕೊಂಡಿದ್ದ ಕಬ್ಬಿಣದ ಗೇಟನ್ನು ಅವಳು ಹಾರು ಹೊಡೆದು, ಕಲ್ಲು ಕೊಟ್ಟು ನಿಲ್ಲಿಸಿಬಿಟ್ಟಳು. ಲಂಕದವರು ನೀರು ಬಂದಾಗ ದನ, ಎಮ್ಮೆಗಳನ್ನು ಹೊಡೆದುಕೊಂಡು ಈ ಎತ್ತರದ ತೋಟಗಳಿಗೆ ಬರುತ್ತಾರೆ, ಬಂದವರಿಗೆ ಗೇಟು ಹಾಕಿರಬಾರದು, ಅದು ಅಲ್ಲಿನ ನಡವಳಿಕೆ. ದಯವಿಟ್ಟು ಮುಚ್ಚಿ, ನಮ್ಮ ಮಾವ ಹೊರಟುಬಿಡುತ್ತಾರೆ ಎಂದೆ. ಅವಳು ಕೈ ಮುಗಿದಳು, ಅದೊಂದು ಮಾತ್ರ ಆಗಲ್ಲಮ್ಮಾ ಎಂದಳು. ಎಮ್ಮೆಗಳು ಒದ್ದೆ ಹೊಟ್ಟೆಯಲ್ಲಿ ಒಳಗೆ ಬಂದವು. ಗಂಟುಮೂಟೆ ಹೊತ್ತ ಹೆಂಗಸರು ಬಂದರು. ಗೋಡೆಯ ಬುಡದಿಂದ ಇರುವೆಗಳು ಸಾಲುಹಿಡಿದು ಮೇಲಕ್ಕೆ ಹತ್ತುತ್ತಿದ್ದವು. ಬಾಳೆಯ ಸಾಲಿನ ಸಂದಿಯಲ್ಲಿ ಕಾಣುತ್ತಿದ್ದ ಬಿಳಿ ಮರಳು ನಾನು ನೋಡಿದಾಗಲೆಲ್ಲ ಒಂದಿಷ್ಟು ಕಡಿಮೆ ಇರುತ್ತಿತ್ತು. ಸದ್ದೇ ಇಲ್ಲ. ಸದ್ದು ಮಾಡಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಗಂಡನಿಗೆ ಫೋನು ಹೋಗಲಿಲ್ಲ. ಮಾವ ಜಗಲಿಯ ಮೇಲೆ ಕೂತು ಎಮ್ಮೆಗಳನ್ನೇ ನೋಡುತ್ತಿದ್ದರು. ಒಂದೊಂದನ್ನೂ ನೋಡಿ, ಅದರ ಹಿಂದೆ ಯಾರು ಬರುತ್ತಿದ್ದಾರೆ ಎಂದು ನೋಡಿ, ಮುಂದಿನದಕ್ಕೆ ಕಣ್ಣು ಹಾಯಿಸುತ್ತಿದ್ದರು. ಕೊನೆಯ ಎಮ್ಮೆ ಒಳಗೆ ಬಂತು. ಅದರ ಹಿಂದೆ ಯಾರೂ ಇರಲಿಲ್ಲ. ಮಾವ ಎದ್ದರು, ಟವೆಲು ಹೆಗಲಿಗೆ ಹಾಕಿಕೊಂಡರು, ಗೇಟಿನ ಕಡೆ ನಡೆದರು.

ಅತ್ತೆ ಹಿಂದೆಯೇ ಓಡಿ ತೋಳು ಹಿಡಿದರು. ಅವರು ಬಿಡಿಸಿಕೊಂಡ ರಭಸಕ್ಕೆ ಅತ್ತೆ ಮಣ್ಣಿಗೆ ಕೂತುಬಿಟ್ಟರು. ಇದ್ದ ಗಂಡಸರೆಲ್ಲ ದನ ಕಟ್ಟಲು ಹಿಂದುಗಡೆಗೆ ಹೋಗಿದ್ದರು. ಆಗ ಬಾಯಿಗೆ ಬಂತು ನೋಡಿ, ಯೋಚನೆ ಮಾಡಿ ಬಂದದ್ದಲ್ಲ.

"ಮಾವಾ, ಎಲ್ಲಿಗೆ?"

ನಿಂತರು. ಬೆನ್ನು ಗಟ್ಟಿಯಾಯಿತು. ತಿರುಗಿದರು, ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದರು. ಆಮೇಲೆ ಬಂದು ಜಗಲಿಯ ಮೇಲೆ ಕೂತರು. ನಾನು ಒಳಗೆ ಓಡಿ ಚೊಂಬಿನಲ್ಲಿ ನೀರು ತಂದು ಕೊಟ್ಟೆ. ಕುಡಿದರು. ಅಬ್ಬಾ ಎಂದು ಉಸಿರು ಬಿಡುವಷ್ಟರಲ್ಲಿ ಮತ್ತೆ ಎದ್ದರು. ನಾನು ಮತ್ತೆ ಕೇಳಿದೆ. ಮತ್ತೆ ಬಂದು ಕೂತರು, ಮತ್ತೆ ನೀರು.

ಹೀಗೆ ಅದೆಷ್ಟು ಸಲ ನಡೆಯಿತೋ. ಗೇಟಿನವರೆಗೆ ಬಿಡುವುದು, ಕೇಳುವುದು, ಕೂರಿಸುವುದು, ಕುಡಿಸುವುದು. ಮೊದಮೊದಲು ಅತ್ತೆ, ಬಾಯಿ ಮುಚ್ಚೇ, ಹಿರಿಯರನ್ನ ಹಂಗೆ ಕೇಳ್ತಾರೇನೇ ಎಂದು ಬೈದರು. ಅದು ಕೆಲಸ ಮಾಡುತ್ತಿದೆ ಎಂದು ಕಂಡಮೇಲೆ ಅವರೇ ಚೊಂಬು ತುಂಬಿ ತುಂಬಿ ಕೊಡತೊಡಗಿದರು. ಲಂಕದ ಹೆಂಗಸರು ಮೂಟೆಗಳ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದರು. ಅವರ ಪಾಲಿಗೆ ನಾನು ನೀರು ಏರುವ ದಿನ ಮಾವನಿಗೆ ಅಪಶಕುನ ನುಡಿಯುವ ಸೊಸೆ. ಒಬ್ಬ ಮುದುಕಿಯಂತೂ ನನ್ನ ಕಡೆ ಥೂ ಎಂದು ಉಗುಳಿದಳು. ಉಗುಳಲಿ ಬಿಡಿ ಅಂದುಕೊಂಡೆ. ನಿಜ ಹೇಳಬೇಕೆಂದರೆ ನನಗೆ ಆ ಭಯದಲ್ಲೂ ಒಂಥರಾ ಖುಷಿಯಾಗಿತ್ತು. ಚಿಲಕ ಮಾಡದ ಕೆಲಸವನ್ನು ನನ್ನ ಒಂದು ಮಾತು ಮಾಡುತ್ತಿತ್ತು. ಒಮ್ಮೆ ನಾನು ಅತ್ತೆಯನ್ನು ನೋಡಿ ನಕ್ಕೆ. ಅವರೂ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಅರೆಮನಸ್ಸಿನಿಂದ ನಕ್ಕರು.

ಮಾವ ಮಾತ್ರ ಪ್ರತಿ ಸಲವೂ ಬೇಗ ಬೇಗ ಕುಡಿಯುತ್ತಿದ್ದರು. ನೀರು ಗದ್ದದ ಮೇಲೆ ಹರಿದು ಅಂಗಿ ಒದ್ದೆಯಾಗಿತ್ತು. ಉಸಿರು ಕಟ್ಟುವ ಹಾಗೆ ಗಟಗಟ ಕುಡಿದು, ಚೊಂಬು ಕೆಳಗಿಡುವ ಮುಂಚೆಯೇ ಏಳುತ್ತಿದ್ದರು. ಹುಡುಗರು ಆಟಕ್ಕೆ ಹೊತ್ತಾಯಿತೆಂದು ಹಾಲು ಕುಡಿದು ಓಡುತ್ತಾರಲ್ಲ, ಹಾಗೆ. ನಾನು ಅದನ್ನು ನೋಡಿದೆ. ಅದು ಏನೆಂದು ನನಗೆ ತಿಳಿಯಲಿಲ್ಲ.

ಬಾಳೆಯ ಸಂದಿಯಲ್ಲಿ ಬಿಳಿ ಪೂರ್ತಿ ಹೋಗಿತ್ತು. ಕೆಂಪು ನೀರು, ಅದರ ಮೇಲೆ ಬುಡ ಮೇಲಾದ ಬಾಳೆಗಿಡಗಳು ತೇಲಿಕೊಂಡು ಹೋಗುತ್ತಿದ್ದವು. ಮಾವ ಎದ್ದವರು ಅದನ್ನು ನೋಡಿದರು. ಈ ಸಲ ನಾನು ಕೇಳುವ ಮುಂಚೆಯೇ ಅವರು ಜಗಲಿಯ ಅಂಚಿನಲ್ಲಿ ಕುಸಿದು ಕೂತರು. ಅಭ್ಯಾಸಬಲದಿಂದ ನಾನು ಚೊಂಬು ಮುಂದೆ ಹಿಡಿದೆ. ಅವರು ನನ್ನ ಮುಖ ನೋಡಿದರು. ಆ ಕಾಯಿಲೆ ಬಂದಮೇಲೆ ಅವರ ಕಣ್ಣು ಅಷ್ಟು ತಿಳಿಯಾಗಿದ್ದುದನ್ನು ನಾನು ನೋಡಿರಲಿಲ್ಲ.

"ಅವತ್ತೂ ಹಿಂಗೇ ಕೂಡ್ಸಿದ್ರು ಅಮ್ಮಾಯಿ," ಎಂದರು. "ನಾಯನಮ್ಮ ಕೇಳಿದ್ಲು, ಎಲ್ಲಿಗೆ ಅಂತ. ಕೂತು ನೀರು ಕುಡಿದು ಹೋಗು ಅಂದ್ಲು. ಕುಡಿದೆ. ಎದ್ದು ಹೋಗೋ ಹೊತ್ತಿಗೆ ಮರಳೇ ಇರ್ಲಿಲ್ಲ."

ನಾಯನಮ್ಮ ಎಂದರೆ ಅವರ ಅಪ್ಪನ ತಾಯಿ. ಅತ್ತೆಯ ಕೈಯಲ್ಲಿದ್ದ ಇನ್ನೊಂದು ಚೊಂಬು ಕೆಳಗೆ ಬಿತ್ತು. ಇಷ್ಟು ವರ್ಷ ಸಂಸಾರ ಮಾಡಿದವರಿಗೆ ಇದು ಗೊತ್ತಿರಲಿಲ್ಲ. ಮಾವ ಎದೆ ಬಡಿದುಕೊಂಡು ಅಳತೊಡಗಿದರು. ಮುದುಕರ ಅಳುವಲ್ಲ ಅದು. ಮೂಗು ಸುರಿಸಿಕೊಂಡು, ತಮ್ಮಾ ತಮ್ಮಾ ಎಂದು ಬಿಕ್ಕುವ ಹುಡುಗನ ಅಳು. ಆ ಲಂಕದ ಹೆಂಗಸರು ಮೂಟೆ ಬಿಟ್ಟು ಎದ್ದು ಬಂದು ಅವರ ಸುತ್ತ ಕೂತರು. ಯಾರು ಹೋದದ್ದು ಎಂದು ಒಬ್ಬಳು ನನ್ನನ್ನು ಕೇಳಿದಳು. ನಮ್ಮವರಲ್ಲಿ ಯಾರೋ ಈಗಷ್ಟೇ ಕೊಚ್ಚಿಹೋದರೆಂದು ಅವಳು ತಿಳಿದಿದ್ದಳು. ತಿಳಿದದ್ದು ತಪ್ಪೂ ಅಲ್ಲ. ನಾನು ಬೆಳಗಿನಿಂದ ಒಬ್ಬರನ್ನು ಹೊಳೆಯಿಂದ ಉಳಿಸುತ್ತಿದ್ದೇನೆ ಅಂದುಕೊಂಡಿದ್ದೆ. ಅವರ ಲೆಕ್ಕದಲ್ಲಿ ಅಷ್ಟು ಹೊತ್ತೂ ತಮ್ಮ ಬದುಕಿದ್ದ, ರೇವಿನಲ್ಲಿ ನಿಂತಿದ್ದ. ನಾನು ಕೂರಿಸಿ ಕೂರಿಸಿ ನೀರು ಕುಡಿಸಿದೆ.

ನೀರಿಗೆ ಹೆದರಿ ಮುಚ್ಚಿದ್ದ ಕಟ್ಟೆಯ ರಸ್ತೆಯಲ್ಲಿ ಮತ್ತೆ ವಾಹನ ಬಿಡತೊಡಗಿದ ಮೇಲೆ ನನ್ನ ಗಂಡ ಬಂದರು. ಅಪ್ಪ ಕ್ಷೇಮವಾಗಿರುವುದನ್ನು ನೋಡಿ ನನ್ನ ಎರಡೂ ಕೈ ಹಿಡಿದುಕೊಂಡರು. ಅತ್ತೆ ಎಲ್ಲ ಹೇಳಿದರು, ನಾಯನಮ್ಮನ ಬಗ್ಗೆ ಮಾವ ಆಡಿದ ಆ ಒಂದು ಮಾತನ್ನು ಬಿಟ್ಟು.

ಮಧುರವಾಡಕ್ಕೆ ಬಂದಮೇಲೆ ಮಾವ ಹೊರಡುವುದನ್ನು ನಿಲ್ಲಿಸಿದರು. ಪೂರ್ತಿ ನಿಲ್ಲಿಸಿದರು. ಟವೆಲು ಮೊಳೆಗೇ ಇರುತ್ತದೆ. ತಮ್ಮನ ಹೆಸರಿಲ್ಲ, ರೇವಿಲ್ಲ, ಹೊತ್ತಾಯಿತು ಎನ್ನುವುದಿಲ್ಲ. ಡಾಕ್ಟರು ಖುಷಿಪಟ್ಟರು, ನೋಡಿದಿರಾ, ಹಳೆಯ ಜಾಗ ಎಂದರೆ ಹಾಗೆ ಎಂದರು. ನನ್ನ ಗಂಡ ಆಫೀಸಿನಲ್ಲಿ ನಾಲ್ಕು ಜನಕ್ಕೆ ಆ ತೋಟದ ನಂಬರು ಕೊಟ್ಟಿದ್ದಾರೆ. ನಾನು ನನ್ನ ಹಾಸಿಗೆಯಲ್ಲೇ ಮಲಗುತ್ತೇನೆ, ನಿದ್ದೆಯೂ ಬರುತ್ತದೆ, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ.

ಅವರು ದಿನವಿಡೀ ಕುರ್ಚಿಯಲ್ಲಿ ಕೂತಿರುತ್ತಾರೆ. ಬಡಿಸಿದ್ದನ್ನು ತಿನ್ನುತ್ತಾರೆ, ಎಬ್ಬಿಸಿದರೆ ಏಳುತ್ತಾರೆ. ಅತ್ತೆ ಕೊಟ್ಟ ನೀರು ಕುಡಿಯುತ್ತಾರೆ, ಮಗ ಕೊಟ್ಟರೂ ಕುಡಿಯುತ್ತಾರೆ. ಮೊನ್ನೆ ಅತ್ತೆ ಸ್ನಾನಕ್ಕೆ ಹೋಗಿದ್ದಾಗ ಮಾತ್ರೆಗೆಂದು ನಾನು ಲೋಟ ಹಿಡಿದು ಹತ್ತಿರ ಹೋದೆ. ಅವರು ಕೈ ಚಾಚಲಿಲ್ಲ. ಸಿಟ್ಟೂ ಮಾಡಲಿಲ್ಲ. ಮಗುವನ್ನು ಸಮಾಧಾನ ಮಾಡುವ ದನಿಯಲ್ಲಿ, ನನ್ನನ್ನು ಗುರುತು ಹಿಡಿದೇ ಹೇಳಿದರು:

"ಈಗ ಕೇಳು ಅಮ್ಮಾಯಿ, ಎಲ್ಲಿಗೆ ಅಂತ. ಈಗ ನಾನು ಎಲ್ಲಿಗೂ ಹೋಗಲ್ಲ."